ಪಿಆರ್‌ಎಸ್ ಅಂದರೆ ಗಿಟಾರ್ ನುಡಿಸುವವರು ಯಾಕೆ ಕೈ ಮುಗಿಯುತ್ತಾರೆ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದವನು. ಸಾಫ್ಟ್‌ವೇರ್ ಕೆಲಸ. ಎಂಟು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ನಮ್ಮ ಬ್ಯಾಂಡಿನ ಗೆಳೆಯರಿಗೆ ಪಿಆರ್‌ಎಸ್, ಅಂದರೆ ಪಾಲ್ ರೀಡ್ ಸ್ಮಿತ್ ಕಂಪನಿಯ ಗಿಟಾರ್, ದೇವರಿದ್ದ ಹಾಗೆ. ಫೋಟೊ ನೋಡಿದರೂ ನಿಟ್ಟುಸಿರು ಬಿಡುತ್ತಾರೆ. ನಿಜವಾಗಲೂ ಅದರಲ್ಲಿ ಅಂಥದ್ದೇನಿದೆ? ಈ ಸಲ ಬೋನಸ್ ಬಂದಿದೆ. ನಾಲ್ಕೈದು ಲಕ್ಷ ಕೊಟ್ಟು ಅಮೆರಿಕದಲ್ಲಿ ಮಾಡಿದ್ದನ್ನೇ ತಗೊಳ್ಳಲಾ, ಇಲ್ಲ ಅದೇ ಕಂಪನಿಯ ಕಡಿಮೆ ಬೆಲೆಯ ಎಸ್‌ಇ ಸಾಲಿನದು ಸಾಕಾ? ಹೆಂಡತಿಗೆ ಇನ್ನೂ ಹೇಳಿಲ್ಲ.

ಉತ್ತರ: ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ. ಹೇಳಿಬಿಡಿ. ಗಿಟಾರ್ ಕೇಸು ಮಂಚದ ಕೆಳಗೆ ಅಡಗುವ ವಸ್ತುವಲ್ಲ. ನನ್ನ ಹತ್ತಿರ ರಿಪೇರಿಗೆ ಬರುವವರಲ್ಲಿ ಇಬ್ಬರು ಹೀಗೆ ಬಚ್ಚಿಟ್ಟು ಸಿಕ್ಕಿಬಿದ್ದಿದ್ದಾರೆ. ಒಬ್ಬರ ಗಿಟಾರ್ ಆರು ತಿಂಗಳು ನನ್ನ ಕೋಣೆಯಲ್ಲೇ ತಲೆಮರೆಸಿಕೊಂಡಿತ್ತು.

ಇನ್ನು ಪ್ರಶ್ನೆಗೆ ಬರೋಣ. ಇಪ್ಪತ್ತು ವರ್ಷದಿಂದ ಈ ಊರಿನಲ್ಲಿ ಗಿಟಾರ್ ಸೆಟಪ್, ಅಂದರೆ ನುಡಿಸಲು ಹದವಾಗುವಂತೆ ಹೊಂದಿಸಿಕೊಡುವ ಕೆಲಸ, ಮಾಡುತ್ತಿದ್ದೇನೆ. ಪಿಆರ್‌ಎಸ್‌ಗಳನ್ನು ಬಿಚ್ಚಿದ್ದೇನೆ, ಒರೆಸಿದ್ದೇನೆ, ತಂತಿ ಕಟ್ಟಿದ್ದೇನೆ. ನಿಮ್ಮ ಗೆಳೆಯರ ಮೆಚ್ಚುಗೆ ಸುಳ್ಳಲ್ಲ. ಆದರೆ ಫೋಟೊ ನೋಡಿ ನಿಟ್ಟುಸಿರು ಬಿಡುವವರು ತಪ್ಪು ಜಾಗ ನೋಡುತ್ತಿದ್ದಾರೆ. ಅದರ ಹೆಚ್ಚುಗಾರಿಕೆ ಇರುವುದು ಫೋಟೊದಲ್ಲಿ ಬೀಳದ ಕಡೆ.

ಮೊದಲು ಕಂಪನಿಯ ಕಥೆ ಸ್ವಲ್ಪ. ಪಾಲ್ ರೀಡ್ ಸ್ಮಿತ್ ಅಮೆರಿಕದ ಮೇರಿಲ್ಯಾಂಡ್ ರಾಜ್ಯದವರು, 1956ರಲ್ಲಿ ಹುಟ್ಟಿದವರು. ಕಾಲೇಜಿನಲ್ಲಿದ್ದಾಗ ಒಂದು ಗಿಟಾರ್ ಮಾಡಿ, ಅದನ್ನೇ ಪಾಠದ ಲೆಕ್ಕಕ್ಕೆ ಹಿಡಿಸಿದ ಆಸಾಮಿ. ಆಮೇಲೆ ಅನಾಪೊಲಿಸ್ ಊರಿನಲ್ಲಿ ಒಂದು ಅಟ್ಟದ ಮೇಲೆ ರಿಪೇರಿ ಅಂಗಡಿ ಇಟ್ಟರು. ದೊಡ್ಡ ಕಲಾವಿದರು ಹತ್ತಿರದ ಸಭಾಂಗಣಕ್ಕೆ ಬಂದಾಗಲೆಲ್ಲ, ಅಲ್ಲಿ ಸಾಮಾನು ಹೊರುವವರ ಸ್ನೇಹ ಮಾಡಿಕೊಂಡು ವೇದಿಕೆಯ ಹಿಂದೆ ನುಗ್ಗುತ್ತಿದ್ದರು. ಕೈಯಲ್ಲಿ ತಾನೇ ಮಾಡಿದ ಗಿಟಾರ್. ಮಾತು ಒಂದೇ: ನಿಮಗೆ ಒಂದು ಮಾಡಿಕೊಡುತ್ತೇನೆ, ಇಷ್ಟವಾಗದಿದ್ದರೆ ದುಡ್ಡು ವಾಪಸ್. ಪ್ರಸಿದ್ಧ ಗಿಟಾರ್ ವಾದಕ ಕಾರ್ಲೊಸ್ ಸಾಂಟಾನಾ ಕೈಗೆ ಪಾಲ್ ಮಾಡಿದ ಗಿಟಾರ್ ಹೋದದ್ದು ಹಾಗೆ, ಕಂಪನಿ ಇನ್ನೂ ಹುಟ್ಟುವ ಮೊದಲು. ಕಂಪನಿ ಶುರುವಾದದ್ದು 1985ರಲ್ಲಿ. ಈಗಿನ ಕಾರ್ಖಾನೆ ಅದೇ ರಾಜ್ಯದ ಸ್ಟೀವನ್ಸ್‌ವಿಲ್ ಊರಿನಲ್ಲಿದೆ.

ಗಮನಿಸಿ, ಈ ಮನುಷ್ಯ ಶುರು ಮಾಡಿದ್ದೇ ರಿಪೇರಿಯಿಂದ. ಇದು ನನಗೆ ಹತ್ತಿರದ ವಿಷಯ, ಅದಕ್ಕೇ ಸ್ವಲ್ಪ ಪಕ್ಷಪಾತ ಕಂಡರೆ ಕ್ಷಮಿಸಿ. ರಿಪೇರಿ ಮಾಡುವವನಿಗೆ ದಿನವೂ ಒಂದೇ ಥರದ ದೂರು ಬರುತ್ತದೆ. ಶ್ರುತಿ ನಿಲ್ಲುವುದಿಲ್ಲ. ಆ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತು, ಅಂದರೆ ನೆಕ್ ಮೇಲಿನ ಲೋಹದ ಮೆಟ್ಟಿಲು) ಜರ್ ಅನ್ನುತ್ತದೆ. ಸ್ವಿಚ್ ಸದ್ದು ಮಾಡುತ್ತದೆ. ಹತ್ತು ವರ್ಷ ಇದನ್ನೇ ಕೇಳಿದವನು ಗಿಟಾರ್ ಮಾಡಲು ಕೂತರೆ ಏನು ಮಾಡುತ್ತಾನೆ? ಆ ದೂರುಗಳನ್ನು ಒಂದೊಂದಾಗಿ ತೆಗೆಯುತ್ತಾನೆ. ಪಿಆರ್‌ಎಸ್ ಗಿಟಾರ್ ಹಾಗೆ ಹುಟ್ಟಿದ್ದು ಅಂತ ನನ್ನ ಲೆಕ್ಕ.

ಇನ್ನೊಂದು ಬುದ್ಧಿವಂತಿಕೆಯನ್ನೂ ಮಾಡಿದರು. ಹಳೆಯ ಪೇಟೆಂಟ್ ಕಾಗದಗಳಲ್ಲಿ ಟೆಡ್ ಮೆಕಾರ್ಟಿ ಅನ್ನುವ ಹೆಸರು ಕಣ್ಣಿಗೆ ಬಿತ್ತು. 1950ರಿಂದ 1966ರವರೆಗೆ ಗಿಬ್ಸನ್ ಕಂಪನಿಯ ಅಧ್ಯಕ್ಷರಾಗಿದ್ದವರು. ಲೆಸ್ ಪಾಲ್, ಇಎಸ್-335, ಫ್ಲೈಯಿಂಗ್ ವಿ ಅನ್ನುವ ಹೆಸರಾಂತ ಗಿಟಾರ್‌ಗಳೆಲ್ಲ ಬಂದದ್ದು ಅವರ ಕಾಲದಲ್ಲಿ. ಗಿಬ್ಸನ್ ಬಿಟ್ಟು ಎಷ್ಟೋ ವರ್ಷವಾಗಿದ್ದ ಆ ಹಿರಿಯರನ್ನು ಪಾಲ್ ಹುಡುಕಿಕೊಂಡು ಹೋಗಿ ಗುರು ಮಾಡಿಕೊಂಡರು. ಅಂಟು ಯಾವುದು, ಮರ ಹೇಗೆ ಒಣಗಿಸುತ್ತಿದ್ದಿರಿ, ಹೀಗೆ ಕೂತು ಕೇಳಿದರು. 1994ರಲ್ಲಿ ಅವರ ಹೆಸರಿನಲ್ಲೇ ಒಂದು ಮಾದರಿ ತಂದರು. ಎದುರಾಳಿ ಕಂಪನಿಯ ಹಳೆಯ ಯಜಮಾನರಿಗೆ ಈ ಮರ್ಯಾದೆ! ನಮ್ಮ ಸಂಗೀತದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬೇರೆ ಬಾನಿಯ ಗುರುಗಳ ಮನೆಗೂ ಹೋಗಿ ಪಾಠ ಕೇಳಿಕೊಂಡು ಬರುವವರು ನಮ್ಮಲ್ಲಿ ಇಲ್ವಾ?

ಈಗ ಗಿಟಾರಿಗೆ ಬರುತ್ತೇನೆ. ನೆಕ್ ತುದಿಯ ನಟ್‌ನಿಂದ, ಕೆಳಗೆ ತಂತಿ ಕೂರುವ ಬ್ರಿಡ್ಜ್‌ವರೆಗಿನ ತಂತಿಯ ಉದ್ದಕ್ಕೆ ಸ್ಕೇಲ್ ಅನ್ನುತ್ತಾರೆ. ಫೆಂಡರ್ ಗಿಟಾರ್‌ಗಳದ್ದು 25.5 ಇಂಚು. ಗಿಬ್ಸನ್‌ನದ್ದು 24.75 ಇಂಚು ಅಂತ ಲೆಕ್ಕ. ಪಿಆರ್‌ಎಸ್ ಮಧ್ಯದಲ್ಲಿ 25 ಇಂಚು ಹಿಡಿಯಿತು, ಅಂದರೆ 63.5 ಸೆಂಟಿಮೀಟರ್. ಅರ್ಧ ಇಂಚಿಗೆ ಏನಾಗುತ್ತೆ ಅಂತೀರಾ? ಅದೇ ತಂತಿ, ಅದೇ ಶ್ರುತಿ ಇಟ್ಟುಕೊಂಡರೆ ತಂತಿಯ ಬಿಗಿ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕ ಹಾಕಿ ನೋಡಿ. ಫೆಂಡರ್‌ಗಿಂತ ಸುಮಾರು ಶೇ 4 ಸಡಿಲ, ಗಿಬ್ಸನ್‌ಗಿಂತ ಸುಮಾರು ಶೇ 2 ಬಿಗಿ. ಬೆರಳಿಗೆ ಇದು ಗೊತ್ತಾಗುತ್ತದೆ. ತಂತಿ ಎಳೆದು ಗಮಕ ಕೊಡುವಾಗ ಫೆಂಡರ್‌ನಷ್ಟು ಮೊಂಡಾಟ ಇಲ್ಲ. ಕೆಳಗಿನ ದಪ್ಪ ತಂತಿಯೂ ತೀರಾ ಸಡಿಲ ಅನ್ನಿಸುವುದಿಲ್ಲ. ಎರಡೂ ಕಡೆಯ ದನಿ ಒಂದರಲ್ಲೇ ಸಿಗಲಿ ಅಂತ ಹಮ್‌ಬಕರ್ ಪಿಕಪ್‌ನ (ತಂತಿಯ ಕಂಪನ ಹಿಡಿಯುವ, ಎರಡು ಸುರುಳಿಯ ಭಾಗ) ಒಂದು ಸುರುಳಿಯನ್ನು ಮಾತ್ರ ನುಡಿಸುವ ಏರ್ಪಾಡೂ ಇದೆ. ಅದು ಫೆಂಡರ್‌ನ ನಿಜವಾದ ಸ್ಟ್ರಾಟೊಕ್ಯಾಸ್ಟರ್ ದನಿ ಕೊಡುತ್ತಾ ಅಂದರೆ, ಇಲ್ಲ. ಹತ್ತಿರ ಬರುತ್ತದೆ, ಅಷ್ಟೇ.

ನಾನು ನಿಜವಾಗಿ ಮೆಚ್ಚುವುದು ನಟ್ ಹತ್ತಿರದ ಕೆಲಸವನ್ನು. ನಟ್ ಅಂದರೆ ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ. ಗಿಟಾರ್ ಶ್ರುತಿ ತಪ್ಪಿದರೆ ಎಲ್ಲರೂ ಬೈಯುವುದು ಬಿರಡೆಯನ್ನು. ಹತ್ತರಲ್ಲಿ ಏಳೆಂಟು ಸಲ ತಪ್ಪು ಬಿರಡೆಯದಲ್ಲ, ನಟ್‌ನದು. ತಂತಿ ಎಳೆದಾಗ ಅದು ನಟ್‌ನ ಗೀರಿನಲ್ಲಿ ಜಾರಬೇಕು, ಬಿಟ್ಟಾಗ ಅಷ್ಟೇ ಜಾರಿ ವಾಪಸ್ ಬರಬೇಕು. ಗೀರು ಬಿಗಿಯಾಗಿದ್ದರೆ ಬರುವಾಗ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಲೆಸ್ ಪಾಲ್ ಇಟ್ಟುಕೊಂಡವರನ್ನು ಕೇಳಿ, ಮೂರನೇ ತಂತಿಯ ಗೋಳು ಹೇಳುತ್ತಾರೆ. ಅದರ ತಲೆಯ ಆಕಾರ ಹೇಗಿದೆ ಅಂದರೆ ಮಧ್ಯದ ಎರಡು ತಂತಿಗಳು ನಟ್ ದಾಟಿದ ಕೂಡಲೇ ಪಕ್ಕಕ್ಕೆ ತಿರುಗಬೇಕು. ತಿರುಗುವ ಕಡೆ ತಿಕ್ಕಾಟ. ಶ್ರುತಿ ಮಾಡುವಾಗ ಟಿಣ್ ಅಂತ ಸದ್ದು ಬಂದು ಸ್ವರ ಒಮ್ಮೆಲೇ ಹಾರುತ್ತಲ್ವಾ, ಅದೇ ಇದು.

ಪಿಆರ್‌ಎಸ್ ತಲೆಯಲ್ಲಿ ತಂತಿಗಳು ಹೆಚ್ಚುಕಡಿಮೆ ನೇರವಾಗಿ ಬಿರಡೆಗೆ ಹೋಗುತ್ತವೆ. ಬಿರಡೆಯಲ್ಲಿ ತಂತಿಯನ್ನು ಕಚ್ಚಿ ಹಿಡಿಯುವ ಲಾಕ್ ಇದೆ, ಹಾಗಾಗಿ ನಾಲ್ಕೈದು ಸುತ್ತು ಸುತ್ತಬೇಕಿಲ್ಲ. ಸುತ್ತು ಕಡಿಮೆಯಾದಷ್ಟೂ ಸಡಿಲವಾಗುವುದು ಕಡಿಮೆ. ಬ್ರಿಡ್ಜ್ ಕಡೆ ಬನ್ನಿ. ಕೈಹಿಡಿಯಿಂದ ಸ್ವರ ಇಳಿಸಿ ಏರಿಸುವ ಟ್ರೆಮೊಲೊ ಏರ್ಪಾಡಿನ ತಗಡು ಆರು ಸ್ಕ್ರೂಗಳ ಮೇಲೆ ಆಡುತ್ತದೆ. ಆ ಸ್ಕ್ರೂಗಳಲ್ಲಿ ಸಣ್ಣ ಕಚ್ಚು ಕೊರೆದಿದ್ದಾರೆ. ತಗಡಿನ ಅಂಚು ಪ್ರತಿ ಸಲವೂ ಅದೇ ಕಚ್ಚಿಗೆ ಬಂದು ಕೂರುತ್ತದೆ. ಕೈಹಿಡಿ ಒತ್ತಿ ಸ್ವರವನ್ನು ಪಾತಾಳಕ್ಕಿಳಿಸಿ ಬಿಟ್ಟರೂ ಶ್ರುತಿ ಮನೆಗೆ ಬರುತ್ತದೆ. ತಂತಿಯನ್ನು ನಟ್ಟು ಬೋಲ್ಟಿನಿಂದ ಬಿಗಿದು ಕಟ್ಟುವ ಫ್ಲಾಯ್ಡ್ ರೋಸ್ ತಂಟೆ ಇಲ್ಲದೆ ಇದನ್ನು ಸಾಧಿಸಿದರು. 1985ರಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ವೀಣೆ ನುಡಿಸುವವರ ಮನೆಯಲ್ಲಿ ಬೆಳೆದಿದ್ದರೆ ನಿಮಗೆ ಇದನ್ನು ಬೇಗ ಹೇಳಬಹುದಿತ್ತು. ವೀಣೆಗೂ 24 ಮೆಟ್ಟಿಲು, ಪಿಆರ್‌ಎಸ್‌ನ ಕಸ್ಟಮ್ 24 ಮಾದರಿಗೂ 24 ಫ್ರೆಟ್. ವೀಣೆಯ ಮೆಟ್ಟಿಲು ಮೇಣದಲ್ಲಿ ಕೂತಿರುತ್ತವೆ, ಕಾಲಕಾಲಕ್ಕೆ ಮೇಳ ಕಟ್ಟಿಸಬೇಕು. ಮೇಳ ಕಟ್ಟುವವರ ಕಿವಿ ಚೆನ್ನಾಗಿದ್ದರೆ ಸಾಧಾರಣ ವೀಣೆಯೂ ಹಾಡುತ್ತದೆ. ಕಿವಿ ಕೆಟ್ಟಿದ್ದರೆ ದಂತದ ಕುಸುರಿ ಇರುವ ವೀಣೆಯೂ ಅಳುತ್ತದೆ. ಗಿಟಾರಿನ ಫ್ರೆಟ್ಟು ಮರದೊಳಗೆ ಹುಗಿದ ಲೋಹ. ಒಮ್ಮೆ ತಪ್ಪಿದರೆ ತಪ್ಪಿದ್ದೇ. ಆದ್ದರಿಂದ ಕಾರ್ಖಾನೆಯಲ್ಲೇ ಆ ಕೆಲಸ ನಯವಾಗಿ ಆಗಬೇಕು. ಪಿಆರ್‌ಎಸ್‌ನಲ್ಲಿ ಮರವನ್ನು ಒಣಗಿಸುವುದಕ್ಕೆ ಬೇರೆ ಕೋಣೆಗಳಿವೆ. ನೆಕ್ ಅನ್ನು ಒಂದೇ ಸಲ ಕೆತ್ತಿ ಮುಗಿಸುವುದಿಲ್ಲ. ಸ್ವಲ್ಪ ಕೆತ್ತಿ, ಮಲಗಿಸಿಟ್ಟು, ಅದು ಬಾಗುವಷ್ಟು ಬಾಗಲಿ ಅಂತ ಬಿಟ್ಟು, ಮತ್ತೆ ಕೆತ್ತುತ್ತಾರೆ. ನನ್ನ ಮೇಜಿನ ಮೇಲೆ ಬಂದ ಅಮೆರಿಕದ ಪಿಆರ್‌ಎಸ್‌ಗಳಲ್ಲಿ ನೆಕ್ ತಿರುಚಿಕೊಂಡದ್ದನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೂ ಬಹಳ ಕಡಿಮೆ. ಬೇರೆ ದೊಡ್ಡ ಹೆಸರುಗಳಲ್ಲಿ ಹತ್ತು ಗಿಟಾರ್ ನುಡಿಸಿ ಒಂದನ್ನು ಆರಿಸಬೇಕಾಗುತ್ತದೆ. ಇಲ್ಲಿ ಗೋಡೆಯಿಂದ ಯಾವುದನ್ನು ಇಳಿಸಿದರೂ ನಡೆಯುತ್ತದೆ. ವೇದಿಕೆ ಹತ್ತುವವರು ಇದನ್ನು ಮೆಚ್ಚುತ್ತಾರೆ, ಮನೆಯಲ್ಲಿ ನುಡಿಸುವವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಇನ್ನು ಕಣ್ಣಿಗೆ ಕಾಣುವುದರ ಬಗ್ಗೆ. ಮೇಲ್ಮೈಯಲ್ಲಿ ಹುಲಿಪಟ್ಟೆಯ ಹಾಗೆ ಅಲೆಅಲೆಯಾಗಿ ಹೊಳೆಯುವ ಮೇಪಲ್ ಮರ. ಆ ಮರದ ನಾರುಗಳು ನೇರವಾಗಿ ಬೆಳೆಯದೆ ಅಲೆಯಾಗಿ ಬೆಳೆದಿರುತ್ತವೆ, ಬೆಳಕು ಬಿದ್ದಾಗ ಪಟ್ಟೆ ಓಡಾಡಿದಂತೆ ಕಾಣುತ್ತದೆ. ರೇಷ್ಮೆ ಸೀರೆ ತಿರುಗಿಸಿದರೆ ಬಣ್ಣ ಬದಲಾಗುತ್ತಲ್ಲ, ಹಾಗೆ. ತುಂಬ ಚೆನ್ನಾಗಿರುವ ಮರಕ್ಕೆ ಟೆನ್ ಟಾಪ್ ಅಂತ ಹೆಸರು, ಜಾಸ್ತಿ ದುಡ್ಡು. ದನಿಗೆ ಅದರಿಂದ ಏನೂ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರು ಬರಬಹುದು. ಫ್ರೆಟ್ಟುಗಳ ನಡುವೆ ಹಾರುವ ಹಕ್ಕಿಗಳ ಚಿತ್ರ ಇದೆಯಲ್ಲ, ಅದು ಪಾಲ್ ಅವರ ತಾಯಿಯ ಹಕ್ಕಿ ನೋಡುವ ಹವ್ಯಾಸದಿಂದ ಬಂದದ್ದು.

ಹಕ್ಕಿ ಕೂತಿರುವ ಮರ ನಮ್ಮದು. ಇದನ್ನು ಹೇಳದೆ ನನಗೆ ಸಮಾಧಾನ ಇಲ್ಲ. ಮೊದಲ ವರ್ಷಗಳ ಪಿಆರ್‌ಎಸ್‌ಗಳಲ್ಲಿ ಫ್ರೆಟ್ಟು ಕೂರುವ ಪಟ್ಟಿಗೆ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದರು. 1992ರಲ್ಲಿ ಆ ಮರದ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ನಿಷೇಧ ಬಿತ್ತು. ಆಮೇಲೆ ಪ್ರಪಂಚದ ಗಿಟಾರ್ ಮಾಡುವವರು ಹೆಚ್ಚಾಗಿ ನೆಚ್ಚಿಕೊಂಡದ್ದು ಇಂಡಿಯನ್ ರೋಸ್‌ವುಡ್ ಅನ್ನು. ಹಾಗಂದರೆ ಬೇರೇನಲ್ಲ, ಬೀಟೆ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡಿನ ಬೀಟೆ. ಅಜ್ಜಿ ಮನೆಯ ಕರಿ ಮಂಚ, ಮೈಸೂರು ಅರಮನೆಯಲ್ಲಿ ದಂತ ಕೂರಿಸಿದ ಬಾಗಿಲು, ಎಲ್ಲ ಅದೇ. ಮೈಸೂರಿನ ಕುಶಲಕರ್ಮಿಗಳು ಬೀಟೆ ಹಲಗೆಯಲ್ಲಿ ಬೇರೆ ಬಣ್ಣದ ಮರದ ಚೂರು ಕೂರಿಸಿ ಆನೆ, ತೋಟ, ರಥ ಬಿಡಿಸುತ್ತಾರಲ್ಲ, ಗಿಟಾರಿನ ಹಕ್ಕಿಯೂ ಅದೇ ಜಾತಿಯ ಕೆಲಸ. 1992ರಲ್ಲಿ ಪಿಆರ್‌ಎಸ್ 201 ಚೂರುಗಳಲ್ಲಿ ಒಂದು ಡ್ರ್ಯಾಗನ್ ಕೂರಿಸಿದ ಗಿಟಾರ್ ತಂದಿತು, ಮಾಡಿದ್ದು 50 ಮಾತ್ರ. ಜನ ಮೂಗಿನ ಮೇಲೆ ಬೆರಳಿಟ್ಟರು. ಮೈಸೂರಿನವರು ನೋಡಿದ್ದರೆ, ಚೆನ್ನಾಗಿದೆ, ಆನೆ ಯಾವಾಗ ಮಾಡ್ತೀರಿ ಅಂತ ಕೇಳುತ್ತಿದ್ದರೇನೋ.

2017ರ ಜನವರಿಯಿಂದ ದೇಶದಿಂದ ದೇಶಕ್ಕೆ ಬೀಟೆ ಜಾತಿಯ ಮರಗಳ ಸಾಗಣೆಗೂ ಕಾಗದಪತ್ರ ಕಡ್ಡಾಯವಾಯಿತು, ಗಿಟಾರಿನಲ್ಲಿರುವ ಪಟ್ಟಿಗೂ ಸೇರಿ. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಗಿಟಾರ್ ತರಿಸುವಾಗ ಇದರ ಚಿಂತೆ ಈಗ ಬೇಡ.

ಬೆಂಗಳೂರಿನವರು ಖುಷಿಪಡುವ ಒಂದು ಕೋರ್ಟ್ ಕಥೆಯೂ ಇದೆ. 2000ದಲ್ಲಿ ಪಿಆರ್‌ಎಸ್ ಸಿಂಗಲ್‌ಕಟ್ ಅನ್ನುವ ಗಿಟಾರ್ ತಂದಿತು. ಇದು ನಮ್ಮ ಲೆಸ್ ಪಾಲ್ ಆಕಾರ ಅಂತ ಗಿಬ್ಸನ್ ಕೇಸು ಹಾಕಿತು. 2004ರಲ್ಲಿ ಕೆಳಗಿನ ಕೋರ್ಟು ತಡೆ ಕೊಟ್ಟಿತು, ಗಿಟಾರ್ ತಯಾರಿ ನಿಂತಿತು. ಮೇಲ್ಮನವಿಯಲ್ಲಿ ಒಂದು ತಮಾಷೆಯ ವಾದ ಬಂತು. ಅಂಗಡಿಯಲ್ಲಿ ಹತ್ತಿರದಿಂದ ನೋಡಿ ಕೊಳ್ಳುವವರಿಗೆ ಗೊಂದಲ ಆಗುವುದಿಲ್ಲ ಅಂತ ಗಿಬ್ಸನ್ನೇ ಒಪ್ಪಿಕೊಂಡಿತ್ತು. ಆದರೆ ಹೊಗೆ ತುಂಬಿದ ಬಾರಿನಲ್ಲಿ ದೂರದ ವೇದಿಕೆ ನೋಡಿದರೆ ಯಾವ ಗಿಟಾರ್ ಅಂತ ತಿಳಿಯದು, ಅದೂ ಗೊಂದಲವೇ ತಾನೇ ಅನ್ನುವುದು ವಾದ. 2005ರಲ್ಲಿ ಮೇಲಿನ ಕೋರ್ಟು ಇದನ್ನು ಒಪ್ಪಲಿಲ್ಲ. ಪಿಆರ್‌ಎಸ್ ಗೆದ್ದಿತು. ಪಬ್ಬಿನ ಕತ್ತಲಲ್ಲಿ ಗಿಟಾರ್ ಗುರುತಿಸುವ ಚಟ ನನಗೂ ಇದೆ. ಎರಡು ಬಿಯರ್ ಆದಮೇಲೆ ಗಿಬ್ಸನ್ ವಾದದಲ್ಲಿ ಸ್ವಲ್ಪ ಹುರುಳಿದೆ ಅನ್ನಿಸುತ್ತದೆ.

ಬೈಯುವವರ ಮಾತನ್ನೂ ಕೇಳಬೇಕು. ಅಮೆರಿಕದಲ್ಲಿ ಪಿಆರ್‌ಎಸ್‌ಗೆ ಹಲ್ಲಿನ ಡಾಕ್ಟರ ಗಿಟಾರ್ ಅಂತ ಅಡ್ಡಹೆಸರು. ದುಡ್ಡಿರುವವರು ಕೊಂಡು ಗೋಡೆಗೆ ನೇತುಹಾಕುವ ಗಿಟಾರ್ ಅಂತ ಅರ್ಥ. ಬೆಂಗಳೂರಿನಲ್ಲಾದರೆ ಆ ಹೆಸರು ನಿಮ್ಮ ಕಸುಬಿನವರಿಗೆ ಹೋಗುತ್ತಿತ್ತು, ಬೇಜಾರು ಮಾಡಿಕೊಳ್ಳಬೇಡಿ. ಇನ್ನೊಂದು ದೂರು, ಇದು ತೀರಾ ಅಚ್ಚುಕಟ್ಟು, ಗುಣ ಇದೆ ಆದರೆ ಸ್ವಭಾವ ಇಲ್ಲ ಅನ್ನುವುದು. ಇದರಲ್ಲಿ ನಿಜವೂ ಇದೆ. ಫೆಂಡರ್‌ನ ಹಳೆಯ ಟೆಲಿಕ್ಯಾಸ್ಟರ್ ನಿಮ್ಮ ಜೊತೆ ಜಗಳ ಆಡುತ್ತದೆ. ಆ ಜಗಳದಲ್ಲೇ ಕೆಲವರ ಸಂಗೀತ ಹುಟ್ಟುತ್ತದೆ. ಪಿಆರ್‌ಎಸ್ ಜಗಳ ಆಡುವುದಿಲ್ಲ. ನೀವು ನುಡಿಸಿದ್ದನ್ನು ಹಾಗೇ ಹೇಳಿಬಿಡುತ್ತದೆ, ತಪ್ಪೂ ಸೇರಿ.

ಇನ್ನು ದುಡ್ಡಿನ ಮಾತು. ಮೇರಿಲ್ಯಾಂಡಿನಲ್ಲೇ ಮಾಡುವ ಕೋರ್ ಅನ್ನುವ ಸಾಲಿನ ಗಿಟಾರ್‌ಗೆ ಅಮೆರಿಕದಲ್ಲೇ ನಾಲ್ಕೈದು ಸಾವಿರ ಡಾಲರ್. ಇಲ್ಲಿಗೆ ಬರುವಷ್ಟರಲ್ಲಿ ಸಾಗಣೆ, ಸುಂಕ, ತೆರಿಗೆ ಸೇರಿ ನಿಮ್ಮ ಲೆಕ್ಕ ದಾಟಬಹುದು. ಎಸ್‌ಇ ಸಾಲು 2001ರಲ್ಲಿ ಕೊರಿಯಾದಲ್ಲಿ ಶುರುವಾಯಿತು, ಈಗ ಹೆಚ್ಚಾಗಿ ಇಂಡೋನೇಷ್ಯಾದಲ್ಲಿ ತಯಾರಾಗುತ್ತದೆ. ಬೆಲೆ ಕೋರ್‌ನ ಕಾಲು ಭಾಗದ ಆಸುಪಾಸು. ವ್ಯತ್ಯಾಸ ಎಲ್ಲಿ? ಕೋರ್‌ನ ಮೇಲ್ಮೈ ದಪ್ಪ ಮೇಪಲ್ ಹಲಗೆಯನ್ನೇ ಕೆತ್ತಿದ್ದು. ಎಸ್‌ಇಯಲ್ಲಿ ಹುಲಿಪಟ್ಟೆ ಇರುವುದು ಮೇಲೆ ಅಂಟಿಸಿದ ತೆಳು ಪದರದಲ್ಲಿ. ಪಿಕಪ್, ಬಿರಡೆ, ಬ್ರಿಡ್ಜ್ ಕಡಿಮೆ ಖರ್ಚಿನವು. ನಟ್ ಸಾಧಾರಣ, ಫ್ರೆಟ್ಟಿನ ತುದಿಗೆ ಅಷ್ಟು ನಯ ಇಲ್ಲ. ಆದರೆ 25 ಇಂಚು ಅದೇ, ತಲೆಯ ಆಕಾರ ಅದೇ, ತಂತಿ ನೇರ ಹೋಗುವುದೂ ಅದೇ. ಅಂದರೆ ಯೋಚನೆ ಪೂರ್ತಿ ಸಿಗುತ್ತದೆ, ಕೈಕೆಲಸ ಮುಕ್ಕಾಲು ಸಿಗುತ್ತದೆ. ಉಳಿದ ಕಾಲು ಭಾಗವನ್ನು ಊರಿನ ಒಳ್ಳೆ ರಿಪೇರಿಯವರು ಮಾಡಿಕೊಡಬಹುದು. ಹೊಸ ನಟ್, ಫ್ರೆಟ್ ಸಮ ಮಾಡುವುದು, ತುದಿ ಉಜ್ಜುವುದು. ಒಂದು ದಿನದ ಕೆಲಸ.

ಕೋರ್ ಕೊಂಡರೂ ಬೆಂಗಳೂರಿನ ಹವೆ ನಿಮ್ಮನ್ನು ಬಿಡುವುದಿಲ್ಲ. ನಮ್ಮ ಹವೆ ಮನುಷ್ಯರಿಗೆ ಹಿತ, ಮರಕ್ಕೆ ಅಷ್ಟಲ್ಲ. ಜುಲೈನಲ್ಲಿ ತೇವಾಂಶ ಶೇ 80 ದಾಟುತ್ತದೆ, ಮಾರ್ಚಿನ ಮಧ್ಯಾಹ್ನ ಶೇ 30ರ ಹತ್ತಿರ ಇಳಿಯುತ್ತದೆ. ಬೀಟೆಯ ಪಟ್ಟಿ ಕುಗ್ಗಿದಾಗ ಒಳಗಿನ ಲೋಹ ಕುಗ್ಗುವುದಿಲ್ಲ, ಫ್ರೆಟ್ಟಿನ ತುದಿ ಹೊರಗೆ ಇಣುಕಿ ಕೈ ಕೀಸುತ್ತದೆ. ಸುಮಾರು ವರ್ಷಗಳ ಹಿಂದೆ ಒಬ್ಬರು ಮಾರ್ಚಿನಲ್ಲಿ ಹೊಸ ಪಿಆರ್‌ಎಸ್ ತಂದು, ಮೋಸ ಆಯ್ತು, ಡೂಪ್ಲಿಕೇಟ್ ಕೊಟ್ಟಿದ್ದಾರೆ ಅಂತ ಕೂಗಾಡಿದರು. ನಾನೂ ಆಗ ಎಳಸು. ಉಜ್ಜಿಕೊಡುತ್ತೇನೆ ಅಂತ ಅರ ಕೈಗೆತ್ತಿಕೊಂಡು ಅಂಚಿನ ಪಾಲಿಶ್ ಒಂದು ಕಡೆ ಗೀಚಿಬಿಟ್ಟೆ. ಗಿಟಾರನ್ನು ಒಂದು ವಾರ ಕೇಸಿನಲ್ಲಿ ತೇವದ ಚೀಲದ ಜೊತೆ ಇಟ್ಟಿದ್ದರೆ ಸಾಕಾಗಿತ್ತು. ಆ ಗೀರು ಇನ್ನೂ ಅಲ್ಲೇ ಇದೆ, ಯಜಮಾನರು ಪ್ರತಿ ಸಲ ತೋರಿಸುತ್ತಾರೆ. ಕೇಸಿನೊಳಗೆ ಶೇ 45ರಿಂದ 55ರವರೆಗೆ ತೇವಾಂಶ ಇರಲಿ. ಅಳೆಯುವ ಪುಟ್ಟ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಹಾಗೆಯೇ ಮನೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇದೆಯಾ ನೋಡಿಸಿ. ಹಳೆಯ ಬಾಡಿಗೆ ಮನೆಗಳಲ್ಲಿ ಮೂರನೇ ತೂತು ಬರೀ ಅಲಂಕಾರಕ್ಕೆ ಇರುತ್ತದೆ. ಗುಂಯ್ ಅನ್ನುವ ಸದ್ದಿಗೆ ಗಿಟಾರನ್ನು ಬೈದು ಮಾರಿದವರಿದ್ದಾರೆ. ಅರ್ಥಿಂಗ್ ಇಲ್ಲದೆ ಆಂಪ್ (ಗಿಟಾರಿನ ದನಿ ಜೋರು ಮಾಡುವ ಪೆಟ್ಟಿಗೆ) ಹಾಕುವುದು ಜೀವಕ್ಕೂ ಅಪಾಯ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಮೊದಲು ಈಗಿರುವ ಗಿಟಾರ್‌ಗೆ ಹೊಸ ನಟ್ ಹಾಕಿಸಿ, ಸರಿಯಾಗಿ ಸೆಟಪ್ ಮಾಡಿಸುತ್ತಿದ್ದೆ. ಎರಡು ತಿಂಗಳು ನುಡಿಸುತ್ತಿದ್ದೆ. ಎಷ್ಟೋ ಜನರ ಪಿಆರ್‌ಎಸ್ ಆಸೆ ಅಲ್ಲೇ ಇಳಿದಿದೆ. ಇಳಿಯದಿದ್ದರೆ ಎಸ್‌ಇ ಮತ್ತು ಕೋರ್ ಎರಡನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ನುಡಿಸಿ ನೋಡಿ. ಆನ್‌ಲೈನಿನಲ್ಲಿ ಬಣ್ಣ ನೋಡಿ ಕೊಳ್ಳಬೇಡಿ. ಆಂಪ್‌ಗೆ ಹಾಕುವ ಮೊದಲು ಬರಿಗಿಟಾರ್ ನುಡಿಸಿ, ಎದೆಗೆ ಕಂಪನ ತಾಗುತ್ತಾ ನೋಡಿ. ಶ್ರುತಿ ಮಾಡಿ, ಮೂರನೇ ತಂತಿಯನ್ನು ಎರಡು ಸ್ವರದಷ್ಟು ಎಳೆದು ಬಿಡಿ. ಹತ್ತು ಸಲ. ಟ್ಯೂನರ್ ನೋಡಿ. ಪ್ರತಿ ಫ್ರೆಟ್ಟಿನಲ್ಲೂ ಎರಡನೇ ತಂತಿ ಎಳೆಯಿರಿ, ಸ್ವರ ಎಲ್ಲಾದರೂ ಅರ್ಧಕ್ಕೇ ಸಾಯುತ್ತಾ ಕೇಳಿ. ಅಂಗೈಯನ್ನು ನೆಕ್‌ನ ಅಂಚಿನ ಮೇಲೆ ಮೇಲಿಂದ ಕೆಳಗೆ ಜಾರಿಸಿ. ಆಮೇಲೆ ಹೆಂಡತಿಯ ಕೈಗೆ ಎರಡೂ ಗಿಟಾರ್ ಕೊಟ್ಟು, ನಿಮಗೆ ತಿಳಿಯದ ಹಾಗೆ ಒಂದೊಂದಾಗಿ ನಿಮ್ಮ ತೊಡೆಯ ಮೇಲೆ ಇಡಲು ಹೇಳಿ. ಕಣ್ಣು ಮುಚ್ಚಿ ಐದೈದು ನಿಮಿಷ ನುಡಿಸಿ. ಯಾವುದು ಕೋರ್ ಅಂತ ಮೂರಕ್ಕೆ ಮೂರು ಸಲ ಹೇಳಿದರೆ, ಆ ಲಕ್ಷಗಳನ್ನು ಕೊಡಲು ನಿಮ್ಮ ಕೈ ಒಪ್ಪಿದೆ ಅಂತ. ತಪ್ಪಿದರೆ ಎಸ್‌ಇ ತಗೊಳ್ಳಿ, ಉಳಿದ ದುಡ್ಡಿನಲ್ಲಿ ಒಂದು ಒಳ್ಳೆ ಆಂಪ್. ಅಂಗಡಿಗೆ ಬೇಸಿಗೆಯಲ್ಲಿ ಹೋಗುವುದಾದರೆ ಫ್ರೆಟ್ಟಿನ ತುದಿ ಸ್ವಲ್ಪ ಚುಚ್ಚಿದರೂ ಕೂಗಾಡಬೇಡಿ. ಅದು ಮಾರ್ಚ್ ತಿಂಗಳ ತಪ್ಪು.